ಅಜಿಲಿಟಿ ಸ್ಪರ್ಧೆಗೆ ನಾಯಿಯನ್ನು ತಯಾರು ಮಾಡುವುದು: ಹಾರುವುದಕ್ಕಿಂತ ತಿರುಗುವುದೇ ಕಷ್ಟ

ಅಜಿಲಿಟಿ, ಅಂದರೆ ನಾಯಿಗಳ ಅಡೆತಡೆ ಓಟದ ಸ್ಪರ್ಧೆಯ ವಿಡಿಯೊ ನೋಡುವವರ ಕಣ್ಣೆಲ್ಲ ನಾಯಿಯ ಮೇಲೇ ಇರುತ್ತದೆ. ಬಾರ್ಡರ್ ಕಾಲಿ ತಳಿಯ ನಾಯಿಯೊಂದು ಅಡ್ಡಪಟ್ಟಿಗಳನ್ನು ಹಾರಿ, ಟನೆಲ್ಲಿನೊಳಗೆ ನುಗ್ಗಿ, ಸಾಲಾಗಿ ನೆಟ್ಟ ಕೋಲುಗಳ ನಡುವೆ ನುಸುಳಿ, ಮೂವತ್ತು ನಲವತ್ತು ಸೆಕೆಂಡಿನಲ್ಲಿ ಎಲ್ಲ ಮುಗಿಸಿಬಿಡುತ್ತದೆ. ಪಕ್ಕದಲ್ಲಿ ಏದುಸಿರು ಬಿಡುತ್ತ ಓಡುವ ಮನುಷ್ಯನನ್ನು ಯಾರೂ ಗಮನಿಸುವುದಿಲ್ಲ. ಅದೇ ವಿಡಿಯೊವನ್ನು ಇನ್ನೊಮ್ಮೆ ಹಾಕಿ, ಈ ಸಲ ನಾಯಿಯನ್ನು ಬಿಟ್ಟು ಆ ಮನುಷ್ಯನ ಪಾದಗಳನ್ನಷ್ಟೇ ನೋಡಿ. ನಾಯಿ ನೆಲ ಬಿಡುವ ಮೊದಲೇ ಆ ಪಾದಗಳು ಮುಂದಿನ ದಿಕ್ಕಿಗೆ ತಿರುಗಿರುತ್ತವೆ. ಹೆಗಲು ತಿರುಗಿರುತ್ತದೆ. ನಾಯಿ ಗಾಳಿಯಲ್ಲಿರುವಾಗ ಅವರು ಆಗಲೇ ಬೇರೆ ಕಡೆ ಓಡುತ್ತಿರುತ್ತಾರೆ. ನಾಯಿ ನೆಲ ಮುಟ್ಟಿದ್ದೇ ಅವರ ಹಿಂದೆ.

ಅಜಿಲಿಟಿ ತರಬೇತಿಯಲ್ಲಿ ಹೆಚ್ಚಿನ ಕೆಲಸ ಇರುವುದು ಇಲ್ಲೇ. ಅಡೆತಡೆಗಳನ್ನು ದಾಟುವುದನ್ನು ಆರೋಗ್ಯವಾಗಿರುವ ಯಾವ ನಾಯಿಗೂ ಕೆಲವು ತಿಂಗಳಲ್ಲಿ ಕಲಿಸಬಹುದು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎತ್ತ ತಿರುಗಬೇಕು, ಎಷ್ಟು ಬಿಗಿಯಾಗಿ ತಿರುಗಬೇಕು ಎನ್ನುವುದನ್ನು ಓಡುತ್ತ ಓಡುತ್ತಲೇ ಅದಕ್ಕೆ ಹೇಳಲು ಕಲಿಯುವುದಕ್ಕೆ ವರ್ಷಗಳು ಬೇಕು. ಅದನ್ನು ಕಲಿಯಬೇಕಾದವರೂ ಮುಖ್ಯವಾಗಿ ನಾಯಿಯ ಜೊತೆ ಓಡುವವರು, ಅಂದರೆ ಹ್ಯಾಂಡ್ಲರ್.

ಆಟ ಹೇಗೆ ನಡೆಯುತ್ತದೆ

ದೇಶಕ್ಕೊಂದು, ಸಂಸ್ಥೆಗೊಂದು ನಿಯಮ ಇದೆ. ಇಲ್ಲಿ ಬೆಲ್ಜಿಯಂನಲ್ಲಿ ಕಚೇರಿ ಇರುವ ಎಫ್‌ಸಿಐ ಎಂಬ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ಅಳತೆಗಳನ್ನೇ ಇಟ್ಟುಕೊಳ್ಳೋಣ. ನಮ್ಮ ಕೆನಲ್ ಕ್ಲಬ್ ಆಫ್ ಇಂಡಿಯಾ ಕೂಡ ಅದರ ಸದಸ್ಯ.

ಜಡ್ಜ್ ಆದವರು 15ರಿಂದ 22 ಅಡೆತಡೆಗಳನ್ನು ಮೈದಾನದಲ್ಲಿ ತಮಗೆ ಬೇಕಾದಂತೆ ಜೋಡಿಸಿ, ಒಂದೊಂದಕ್ಕೂ ನಂಬರ್ ಹಚ್ಚುತ್ತಾರೆ. ನಾಯಿ ಆ ನಂಬರಿನ ಕ್ರಮದಲ್ಲೇ ಹೋಗಬೇಕು. ಕ್ರಮ ತಪ್ಪಿದರೆ ಅಲ್ಲಿಗೆ ಆಟ ಮುಗಿಯಿತು, ಹೊರಗೆ. ಅಡ್ಡಪಟ್ಟಿ ಬೀಳಿಸಿದರೆ 5 ಪೆನಾಲ್ಟಿ. ಅಡೆತಡೆಯ ಮುಂದೆ ನಿಂತುಬಿಟ್ಟರೆ ಅಥವಾ ಅದರ ಪಕ್ಕದಿಂದ ಹಾದುಹೋದರೆ ಅದನ್ನು ರಿಫ್ಯೂಸಲ್ ಎನ್ನುತ್ತಾರೆ, ಅದಕ್ಕೂ 5. ಮೂರು ರಿಫ್ಯೂಸಲ್ ಆದರೆ ಮತ್ತೆ ಹೊರಗೆ. ನಿಗದಿ ಸಮಯ ಮೀರಿದರೆ ಸೆಕೆಂಡಿಗೊಂದರ ಲೆಕ್ಕದಲ್ಲಿ ಪೆನಾಲ್ಟಿ ಏರುತ್ತದೆ. ಮೊದಲು ನೋಡುವುದು ಪೆನಾಲ್ಟಿ, ಆಮೇಲೆ ವೇಗ. ಹಾಗಾಗಿ ಗಾಳಿಯ ವೇಗದಲ್ಲಿ ಓಡಿ ಒಂದು ಪಟ್ಟಿ ಉರುಳಿಸಿದ ನಾಯಿಗಿಂತ, ನಿಗದಿ ಸಮಯದೊಳಗೆ ನಿಧಾನವಾಗಿ ಆದರೆ ಶುದ್ಧವಾಗಿ ಮುಗಿಸಿದ ನಾಯಿಯೇ ಮೇಲೆ.

ಎಲ್ಲ ನಾಯಿಗೂ ಒಂದೇ ಎತ್ತರ ಇಡುವುದಿಲ್ಲ. ಭುಜದ ಎತ್ತರ 35 ಸೆಂ.ಮೀ.ಗಿಂತ ಕಡಿಮೆ ಇರುವ ಪುಟ್ಟ ನಾಯಿಗಳಿಗೆ 25ರಿಂದ 30 ಸೆಂ.ಮೀ. ಎತ್ತರದ ಪಟ್ಟಿ, ದೊಡ್ಡ ನಾಯಿಗಳಿಗೆ 55ರಿಂದ 60. ನಡುವೆ ಇನ್ನೆರಡು ವರ್ಗಗಳಿವೆ.

ಕೋರ್ಸ್, ಅಂದರೆ ಅಡೆತಡೆಗಳ ಜೋಡಣೆ, ಹೇಗಿದೆ ಎಂಬುದು ಸ್ಪರ್ಧೆಯ ದಿನದವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಶುರುವಾಗುವ ಮೊದಲು ಹ್ಯಾಂಡ್ಲರ್‌ಗಳನ್ನು ಮಾತ್ರ, ನಾಯಿ ಇಲ್ಲದೆ, ಕೆಲವು ನಿಮಿಷ ಒಳಗೆ ಬಿಡುತ್ತಾರೆ. ಆ ಹೊತ್ತಿನಲ್ಲಿ ಹೊರಗಿನಿಂದ ನೋಡಿದರೆ ನಗು ಬರುತ್ತದೆ. ಇಪ್ಪತ್ತು ಮೂವತ್ತು ಜನ ದೊಡ್ಡವರು ಖಾಲಿ ಮೈದಾನದಲ್ಲಿ ಇಲ್ಲದ ನಾಯಿಗೆ ಕೈ ತೋರಿಸುತ್ತ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಗಿರಕಿ ಹೊಡೆಯುತ್ತಿರುತ್ತಾರೆ. ನಾಯಿಗೆ ಮಾತ್ರ ಕೋರ್ಸ್ ಪೂರ್ತಿ ಹೊಸದು. ಅದು ಬರುವುದು ಬರಿಮೈಯಲ್ಲಿ, ಕೊರಳಿಗೆ ಬೆಲ್ಟ್ ಕೂಡ ಇಲ್ಲದೆ. ಅದನ್ನು ಮುಟ್ಟುವಂತಿಲ್ಲ. ಕೈಯಲ್ಲಿ ತಿಂಡಿ, ಆಟಿಕೆ ಹಿಡಿಯುವಂತಿಲ್ಲ. ಮಾತು ಮತ್ತು ಮೈ, ಇವೆರಡೇ ಉಪಾಯ.

ಇಷ್ಟು ಗಂಭೀರವಾದ ಆಟ ಹುಟ್ಟಿದ್ದು ಸಮಯ ಕಳೆಯುವುದಕ್ಕೆ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಒಂದು ಕಾರ್ಯಕ್ರಮಕ್ಕೂ ಇನ್ನೊಂದಕ್ಕೂ ನಡುವೆ ಪ್ರೇಕ್ಷಕರು ಎದ್ದು ಹೋಗದಂತೆ ಏನಾದರೂ ಮನರಂಜನೆ ಬೇಕಿತ್ತು. ಸಮಿತಿಯಲ್ಲಿದ್ದ ಜಾನ್ ವಾರ್ಲಿ ಎಂಬವರು ಕುದುರೆಗಳ ಜಂಪಿಂಗ್ ಸ್ಪರ್ಧೆಯನ್ನು ನಾಯಿಗಳಿಗೆ ಹೊಂದಿಸುವ ಯೋಚನೆ ಮಾಡಿದರು. ಪೀಟರ್ ಮೀನ್ವೆಲ್ ಎಂಬ ತರಬೇತುದಾರರು ಅದಕ್ಕೆ ರೂಪ ಕೊಟ್ಟರು. ಜನಕ್ಕೆ ಎಷ್ಟು ಹಿಡಿಸಿತೆಂದರೆ 1980ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಅದಕ್ಕೆ ಅಧಿಕೃತ ಮಾನ್ಯತೆ ಕೊಟ್ಟಿತು. 1996ರಿಂದ ಎಫ್‌ಸಿಐ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಕುದುರೆಯ ಆಟದಿಂದ ಬಂದದ್ದೆಂದು ಈಗಲೂ ಗುರುತು ಸಿಗುತ್ತದೆ. ವ್ಯತ್ಯಾಸ ಒಂದೇ, ಕುದುರೆಯ ಮೇಲೆ ಕೂತವರ ಕೈಯಲ್ಲಿ ಲಗಾಮು ಇರುತ್ತದೆ.

ಮೊದಲ ವರ್ಷ ನೆಲದ ಮೇಲೆ

ಮರಿ ತಂದ ಮಾರನೇ ದಿನವೇ ಹಿತ್ತಲಲ್ಲಿ ಕಂಬ ನೆಟ್ಟು ಹಾರಿಸಲು ಶುರು ಮಾಡುವವರಿದ್ದಾರೆ. ಮಾಡಬಾರದು. ಮರಿಯ ಉದ್ದ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೆತ್ತನೆ ಭಾಗ ಇರುತ್ತದೆ. ಸಣ್ಣ ತಳಿಗಳಲ್ಲಿ ಅದು ಗಟ್ಟಿಯಾಗಲು ಒಂದು ವರ್ಷದ ಹತ್ತಿರ ಬೇಕು, ದೊಡ್ಡ ತಳಿಗಳಲ್ಲಿ ಒಂದೂವರೆ ವರ್ಷವೂ ಆಗಬಹುದು. ಅದಕ್ಕೆ ಮೊದಲು ದಿನಾ ಎತ್ತರದಿಂದ ಹಾರಿ ಇಳಿಸಿದರೆ ಆ ಪೆಟ್ಟು ಜೀವನಪೂರ್ತಿ ಉಳಿಯಬಹುದು. ಎಫ್‌ಸಿಐ ಸ್ಪರ್ಧೆಗೆ ನಾಯಿಗೆ 18 ತಿಂಗಳಾಗಿರಬೇಕು ಎಂಬ ನಿಯಮ ಇರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಅಲ್ಲಿಯವರೆಗೆ ಏನು ಮಾಡುವುದು? ಬೇಕಾದಷ್ಟಿದೆ, ಎಲ್ಲವೂ ನೆಲದ ಮೇಲೆ.

ಮೊದಲನೆಯದು ಬಹುಮಾನದ ಭಾಷೆ. ನಾಯಿ ಸರಿಯಾದದ್ದನ್ನು ಮಾಡಿದ ಕ್ಷಣಕ್ಕೆ ಒಂದು ಗುರುತು ಬೇಕು: ಕ್ಲಿಕ್ಕರ್ ಎಂಬ ಪುಟ್ಟ ಸಾಧನ ಒತ್ತಿದಾಗ ಬರುವ ಟಿಕ್ ಶಬ್ದ ಆಗಬಹುದು, "ಹ್ಞಾಂ!" ಎಂಬ ಚುಟುಕು ಉದ್ಗಾರವೂ ಆಗಬಹುದು. ಆ ಶಬ್ದ ಕೇಳಿದರೆ ತಿನ್ನಲು ಸಿಗುತ್ತದೆ ಎಂದು ನಾಯಿಗೆ ಮೊದಲೇ ಗೊತ್ತಾಗಿರಬೇಕು. ಬೇಯಿಸಿದ ಕೋಳಿ, ಲಿವರ್, ಪನೀರ್, ಏನಾದರೂ ಸರಿ. ಕಡಲೆಕಾಳಿನಷ್ಟು ಸಣ್ಣ ತುಂಡು ಸಾಕು, ಯಾಕೆಂದರೆ ಐದು ನಿಮಿಷದಲ್ಲಿ ಮೂವತ್ತು ಸಲ ಕೊಡಬೇಕಾಗುತ್ತದೆ. ಕೆಲವು ನಾಯಿಗಳಿಗೆ ತಿಂಡಿಗಿಂತ ಹಗ್ಗ ಎಳೆದಾಡುವ ಆಟವೇ ಇಷ್ಟ. ಅಜಿಲಿಟಿಗೆ ಅದು ಇನ್ನೂ ಒಳ್ಳೆಯದು, ಆಟಿಕೆಯನ್ನು ದೂರ ಎಸೆಯಬಹುದು.

ಹೊಸಬರಿಗೆ ಯಾರೂ ಹೇಳಿಕೊಡದ ಸಂಗತಿಯೊಂದಿದೆ. ಬಹುಮಾನ ಯಾವಾಗ ಕೊಟ್ಟಿರಿ ಎನ್ನುವಷ್ಟೇ ಮುಖ್ಯ, ಎಲ್ಲಿ ಕೊಟ್ಟಿರಿ ಎನ್ನುವುದು. ಪಟ್ಟಿ ಹಾರಿದ ನಾಯಿಗೆ ಪ್ರತಿಸಲ ನಿಮ್ಮ ಕೈಯಿಂದಲೇ ತಿನ್ನಿಸಿದರೆ, ಮುಂದಿನ ಸಲ ಅದು ಹಾರುವಾಗಲೇ ನಿಮ್ಮ ಜೇಬಿನ ಕಡೆ ಕತ್ತು ತಿರುಗಿಸುತ್ತದೆ, ಹಿಂಗಾಲು ತಗುಲಿ ಪಟ್ಟಿ ಬೀಳುತ್ತದೆ. ಅದೇ ಆಟಿಕೆಯನ್ನು ಅದು ಇಳಿಯುವ ದಾರಿಯಲ್ಲಿ ಮುಂದಕ್ಕೆ ಎಸೆದರೆ ಕಣ್ಣು ಮುಂದಿರುತ್ತದೆ, ಮೈ ನೇರವಾಗಿರುತ್ತದೆ. "ನನ್ನ ನಾಯಿ ಮುಂದಕ್ಕೇ ಹೋಗುವುದಿಲ್ಲ, ಕಾಲಿಗೇ ಅಂಟಿಕೊಳ್ಳುತ್ತೆ" ಎಂದು ದೂರುವವರನ್ನು ಗಮನಿಸಿ. ತಿಂಡಿ ಯಾವಾಗಲೂ ಅವರ ಕಾಲ ಬಳಿಯೇ ಸಿಗುತ್ತಿರುತ್ತದೆ.

ಎರಡನೆಯದು ಹಿಂಗಾಲಿನ ಅರಿವು. ನಾಯಿಗೆ ತನ್ನ ಮುಂಗಾಲು ಎಲ್ಲಿದೆ ಎಂದು ಚೆನ್ನಾಗಿ ಗೊತ್ತು. ಹಿಂಗಾಲು ಸುಮ್ಮನೆ ಹಿಂಬಾಲಿಸಿಕೊಂಡು ಬರುತ್ತದೆ. ಮಗುಚಿಟ್ಟ ಗಟ್ಟಿ ಟಬ್ಬಿನ ಮೇಲೆ ಮುಂಗಾಲಿಟ್ಟು ನಿಲ್ಲಿಸಿ, ಹಿಂಗಾಲಿನಲ್ಲಿ ಸುತ್ತ ತಿರುಗುವುದನ್ನು ಕಲಿಸಿ. ನೆಲಕ್ಕೆ ಮಲಗಿಸಿದ ಏಣಿಯ ಮೆಟ್ಟಿಲುಗಳ ನಡುವೆ ನಿಧಾನ ನಡೆಸಿ. ಹಿಂದಕ್ಕೆ ಹೆಜ್ಜೆ ಇಡುವುದನ್ನು ಕಲಿಸಿ. ಮುಂದೆ 30 ಸೆಂ.ಮೀ. ಅಗಲದ ಹಲಗೆಯ ಮೇಲೆ ಓಡುವಾಗ ಇದು ಕೈಹಿಡಿಯುತ್ತದೆ.

ಮೂರನೆಯದು ಕೂತಲ್ಲೇ ಕೂತಿರುವುದು. ನಾಯಿ ಮನುಷ್ಯನಿಗಿಂತ ಜೋರಾಗಿ ಓಡುವುದರಿಂದ, ಅದನ್ನು ಆರಂಭದ ಗೆರೆಯಲ್ಲಿ ಕೂರಿಸಿ ನೀವು ಎರಡು ಮೂರು ಅಡೆತಡೆ ಮುಂದೆ ಹೋಗಿ ನಿಂತು ಕರೆಯಬಹುದು. ಕರೆಯುವವರೆಗೆ ಅದು ಏಳಬಾರದು. ಮನೆಯಲ್ಲಿ ಬಂಡೆಯಂತೆ ಕೂರುವ ನಾಯಿ ಸ್ಪರ್ಧೆಯಲ್ಲಿ ಎದ್ದುಬಿಡುತ್ತದೆ. ಸ್ಪರ್ಧೆ ಹಾಳಾಗುತ್ತದೆಂದು ಹ್ಯಾಂಡ್ಲರ್ ಹಾಗೇ ಓಡಿಬಿಡುತ್ತಾರೆ. ಎರಡು ಸಲ ಹೀಗಾದರೆ ಸಾಕು, ರಿಂಗಿನೊಳಗೆ, ಅಂದರೆ ಸ್ಪರ್ಧೆಯ ಅಂಗಣದೊಳಗೆ, ಬೇರೆ ನಿಯಮ ಎಂದು ನಾಯಿ ತೀರ್ಮಾನಿಸುತ್ತದೆ. ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಹಳದಿ ಪಟ್ಟಿಯ ತಕರಾರು

ಅಡೆತಡೆಗಳಲ್ಲಿ ಹಾರುವ ಪಟ್ಟಿ, ಟೈರ್, ಉದ್ದಜಿಗಿತ ಮತ್ತು ಟನೆಲ್‌ಗೆ ಹೆಚ್ಚು ವಿವರಣೆ ಬೇಡ. 60 ಸೆಂ.ಮೀ. ವ್ಯಾಸದ ಟನೆಲ್ಲಿನೊಳಗೆ ಒಂದು ಸಲ ಹೋಗಿ ಬಂದ ನಾಯಿಯನ್ನು ಅದರಿಂದ ದೂರ ಇಡುವುದೇ ಕಷ್ಟ. ತಲೆನೋವು ಕೊಡುವುದು ಹತ್ತಿ ಇಳಿಯುವ ಮೂರು ಅಡೆತಡೆಗಳು ಮತ್ತು ಕೋಲುಗಳ ಸಾಲು.

ಎ-ಫ್ರೇಮ್ ಎಂದರೆ ಎರಡು ಇಳಿಜಾರು ಹಲಗೆಗಳನ್ನು ಮೇಲೆ ಜೋಡಿಸಿದ್ದು, ತುದಿ ನೆಲದಿಂದ 1.7 ಮೀಟರ್ ಎತ್ತರ. ಡಾಗ್ ವಾಕ್ ಎಂದರೆ ಸುಮಾರು 1.2 ಮೀಟರ್ ಎತ್ತರದ ಕಿರಿದಾದ ಸೇತುವೆ. ಹತ್ತುವ ಹಲಗೆ, ನಡುವಿನ ಹಲಗೆ, ಇಳಿಯುವ ಹಲಗೆ ಸೇರಿ ಹನ್ನೊಂದು ಮೀಟರ್ ಉದ್ದ. ಮೂರನೆಯದು ಸೀಸಾ, ಮಕ್ಕಳ ಪಾರ್ಕಿನಲ್ಲಿರುವಂತೆ ಮೇಲೆ ಕೆಳಗೆ ತೂಗುವ ಹಲಗೆ. ಈ ಮೂರರ ಬುಡದಲ್ಲೂ ಬೇರೆ ಬಣ್ಣ ಬಳಿದ ಭಾಗ ಇರುತ್ತದೆ, ಸಾಮಾನ್ಯವಾಗಿ ಹಳದಿ. ಎ-ಫ್ರೇಮಿನಲ್ಲಿ 106 ಸೆಂ.ಮೀ., ಉಳಿದೆರಡರಲ್ಲಿ 90. ಇಳಿಯುವಾಗ ಒಂದು ಪಂಜವಾದರೂ ಈ ಭಾಗವನ್ನು ಮುಟ್ಟಲೇಬೇಕು. ಮೇಲಿನಿಂದಲೇ ಜಿಗಿದು ಭುಜ ಮುರಿದುಕೊಳ್ಳದಿರಲಿ ಎಂದು ಮಾಡಿದ ನಿಯಮ ಇದು. ಆದರೆ ನಾಯಿಯ ದೃಷ್ಟಿಯಿಂದ ನೋಡಿ: ಮುಂದಿನ ಪಟ್ಟಿ ಕಾಣುತ್ತಿದೆ, ಯಜಮಾನ ಓಡುತ್ತಿದ್ದಾನೆ, ಕೊನೆಯ ಒಂದು ಮೀಟರ್ ಯಾಕೆ ಇಳಿಯಬೇಕು? ಜಿಗಿದರೆ ಸಮಯ ಉಳಿಯುತ್ತದಲ್ಲ!

ಇದಕ್ಕೆ ಎರಡು ಪಂಥಗಳಿವೆ. ಮೊದಲನೆಯದು ನಿಲ್ಲಿಸುವುದು. ಇಳಿಜಾರಿನ ತುದಿಯಲ್ಲಿ ಮುಂಗಾಲೆರಡು ನೆಲದ ಮೇಲೆ, ಹಿಂಗಾಲೆರಡು ಹಲಗೆಯ ಮೇಲೆ ಇಟ್ಟು ನಾಯಿ ನಿಲ್ಲಬೇಕು, ಹೇಳಿದ ಮೇಲೆ ಹೋಗಬೇಕು. ಇದನ್ನು ಕಲಿಸಲು ಎ-ಫ್ರೇಮ್ ಬೇಕಾಗಿಲ್ಲ, ಮನೆಯ ಮೆಟ್ಟಿಲು ಸಾಕು. ಕೊನೆಯ ಮೆಟ್ಟಿಲ ಮೇಲೆ ಹಿಂಗಾಲು, ನೆಲದ ಮೇಲೆ ಮುಂಗಾಲು. ಆ ಭಂಗಿಯಲ್ಲಿ ನಿಂತಾಗ ಟಿಕ್, ತಿಂಡಿ ಅದರ ಮುಂಗಾಲಿನ ನಡುವೆ ನೆಲಕ್ಕೆ. ಮೇಲೆತ್ತಿ ಕೊಟ್ಟರೆ ನಾಯಿ ತಲೆಯೆತ್ತಿ ಭಾರವನ್ನು ಹಿಂದಕ್ಕೆ ಹಾಕುತ್ತದೆ. ತಲೆ ಕೆಳಗೆ ಇದ್ದಷ್ಟೂ ನಿಲುವು ಗಟ್ಟಿ. ಆಮೇಲೆ ಒಂದು ಹಲಗೆಯ ತುದಿಯನ್ನು ಇಟ್ಟಿಗೆಯ ಮೇಲಿಟ್ಟು ಅದೇ ಭಂಗಿ. ನಂತರ ಸ್ವಲ್ಪ ಎತ್ತರ. ಕೊನೆಯ ಹೆಜ್ಜೆಯನ್ನು ಮೊದಲು ಕಲಿಸಿ ಹಿಂದಕ್ಕೆ ಹಿಂದಕ್ಕೆ ಬರುವ ಈ ಕ್ರಮದಲ್ಲಿ, ನಾಯಿ ಎಲ್ಲಿಂದ ಹೊರಟರೂ ತನಗೆ ಗೊತ್ತಿರುವ ಜಾಗಕ್ಕೇ ಓಡುತ್ತಿರುತ್ತದೆ. ಅದಕ್ಕೇ ಅದಕ್ಕೆ ಗೊಂದಲ ಆಗುವುದಿಲ್ಲ.

ಎರಡನೆಯದು ನಿಲ್ಲದೆ ಓಡುತ್ತಲೇ ಹಳದಿ ಭಾಗವನ್ನು ಮುಟ್ಟಿ ಹೋಗುವುದು. ಸ್ಲೊವೇನಿಯಾದ ಸಿಲ್ವಿಯಾ ಟ್ರ್ಕ್‌ಮನ್ ಈ ಪದ್ಧತಿಯಿಂದ ಹೆಸರಾದವರು. ಹಲಗೆಯನ್ನು ನೆಲದ ಮೇಲೇ ಹಾಸಿ, ಅದರ ಮೇಲೆ ನಾಯಿಯನ್ನು ಪೂರ್ಣ ವೇಗದಲ್ಲಿ ಓಡಿಸಿ, ಜಿಗಿತವಲ್ಲದ ಸಹಜ ಓಟದ ಹೆಜ್ಜೆಗೆ ಮಾತ್ರ ಬಹುಮಾನ ಕೊಡುತ್ತ, ಹಲಗೆಯನ್ನು ಕೆಲವೇ ಸೆಂಟಿಮೀಟರಿನಂತೆ ಎತ್ತರಿಸುತ್ತ ಹೋಗಬೇಕು. ನೋಡಲು ಇದರಷ್ಟು ಚಂದ ಬೇರೊಂದಿಲ್ಲ, ಗೆಲ್ಲಲು ಬೇಕಾದ ಸೆಕೆಂಡೂ ಇದರಲ್ಲಿ ಸಿಗುತ್ತದೆ. ಆದರೆ ಸಾವಿರಗಟ್ಟಲೆ ಸಲ ಓಡಿಸಬೇಕು, ಪೂರ್ತಿ ಗಾತ್ರದ ಸಲಕರಣೆ ಹತ್ತಿರದಲ್ಲೇ ಇರಬೇಕು, ನಾಯಿಯ ಕಾಲು ಹಳದಿಯಲ್ಲಿ ಬಿತ್ತೋ ಇಲ್ಲವೋ ಎಂದು ಆ ಕ್ಷಣದಲ್ಲೇ ಗುರುತಿಸುವ ಕಣ್ಣು ಇರಬೇಕು. ವಾರಕ್ಕೊಮ್ಮೆ ಮೈದಾನ ಸಿಗುವವರು ಮೆಟ್ಟಿಲಿನ ದಾರಿಯನ್ನೇ ಹಿಡಿಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಸೀಸಾದ ಕಥೆ ಬೇರೆ. ಅಲ್ಲಿ ಭಯವೇ ಸಮಸ್ಯೆ. ಕಾಲ ಕೆಳಗಿನ ಹಲಗೆ ಇದ್ದಕ್ಕಿದ್ದಂತೆ ಕುಸಿಯುತ್ತದೆ, ನೆಲಕ್ಕೆ ಬಡಿದು ದಢಾರ್ ಎನ್ನುತ್ತದೆ. ಇಳಿಯುವ ಕಡೆಯ ಹಳದಿ ಭಾಗದ ನಡುವೆ 1 ಕಿಲೋ ತೂಕ ಇಟ್ಟರೆ 2ರಿಂದ 3 ಸೆಕೆಂಡಿನಲ್ಲಿ ಹಲಗೆ ನೆಲ ಮುಟ್ಟಬೇಕು ಎನ್ನುವುದು ನಿಯಮ. ಹಗುರ ನಾಯಿ ಹೆಚ್ಚು ದೂರ ಹೋಗಿ ಹೆಚ್ಚು ಹೊತ್ತು ಕಾಯಬೇಕು, ಭಾರದ ನಾಯಿಗೆ ಹಲಗೆ ಬೇಗ ಕುಸಿಯುತ್ತದೆ. ಹಲಗೆ ನೆಲ ಮುಟ್ಟುವ ಮೊದಲೇ ಹಾರಿದರೆ ಪೆನಾಲ್ಟಿ. ಅದಕ್ಕೆ ಮೊದಲು ಶಬ್ದದ ಜೊತೆ ಗೆಳೆತನ ಮಾಡಿಸುತ್ತಾರೆ. ಹಲಗೆಯ ತುದಿಯನ್ನು ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ ಹಿಡಿದು, ನಾಯಿಯೇ ಮುಂಗಾಲಿನಿಂದ ಒತ್ತಿ ಸದ್ದು ಮಾಡಿದರೆ ತಿಂಡಿ. ಸದ್ದು ತನ್ನಿಂದಲೇ ಆಗುತ್ತಿದೆ, ಸದ್ದಾದರೆ ತನಗೇ ಲಾಭ ಎಂದು ಗೊತ್ತಾದ ನಾಯಿ ಆಮೇಲೆ ದಢಾರ್ ಅನ್ನಿಸಲೆಂದೇ ಓಡಿ ಬರುತ್ತದೆ. ಒಮ್ಮೆ ಹೆದರಿದ ನಾಯಿಯನ್ನು ಎಳೆದುಕೊಂಡು ಹೋಗಿ ದಾಟಿಸುವುದು ಮಾತ್ರ ಬೇಡವೇ ಬೇಡ.

ಹನ್ನೆರಡು ಕೋಲು

ಅಡೆತಡೆಗಳಲ್ಲೆಲ್ಲ ನಾಯಿಗೆ ಅತ್ಯಂತ ಅಸಹಜವಾದದ್ದು ವೀವ್ ಪೋಲ್ಸ್. 60 ಸೆಂ.ಮೀ. ಅಂತರದಲ್ಲಿ ನೇರ ಸಾಲಿನಲ್ಲಿ ನೆಟ್ಟ 12 ಕೋಲುಗಳು. ಮೊದಲ ಕೋಲು ಯಾವಾಗಲೂ ನಾಯಿಯ ಎಡಭುಜದ ಕಡೆ ಇರಬೇಕು, ಒಂದನ್ನೂ ಬಿಡದೆ ಎಡ ಬಲ ನುಸುಳುತ್ತ ಕೊನೆಯವರೆಗೆ ಹೋಗಬೇಕು. ಹಾರುವುದು, ಬಿಲ ಹೊಗುವುದು, ಏರುವುದು ನಾಯಿಯ ರಕ್ತದಲ್ಲಿದೆ. ಯಾವ ಬೇಟೆಯನ್ನೂ ಯಾವ ನಾಯಿಯೂ ಹೀಗೆ ಅಂಕುಡೊಂಕಾಗಿ ಅಟ್ಟಿಸಿಕೊಂಡು ಹೋಗಿಲ್ಲ. ನುರಿತ ನಾಯಿಗಳು ಇದನ್ನು ಎರಡು ಮೂರು ಸೆಕೆಂಡಿನಲ್ಲಿ ಮುಗಿಸುತ್ತವೆ. ದೊಡ್ಡವು ಮುಂಗಾಲುಗಳನ್ನು ಒಂದಾದ ಮೇಲೊಂದು ಹಾಕುತ್ತ ಈಜಿದಂತೆ ಸಾಗುತ್ತವೆ, ಪುಟ್ಟವು ಎರಡೂ ಮುಂಗಾಲು ಜೋಡಿಸಿ ಪುಟಿಯುತ್ತ ಹೋಗುತ್ತವೆ.

ಹಳೆಯ ಕಾಲದಲ್ಲಿ ಬೆಲ್ಟ್ ಹಿಡಿದು ಆಚೆ ಈಚೆ ಎಳೆದು ಕಲಿಸುತ್ತಿದ್ದರು. ನಾಯಿ ಕಲಿಯುತ್ತಿದ್ದದ್ದು ಎಳೆತಕ್ಕೆ ಕಾಯುವುದನ್ನು. ಈಗ ಎರಡು ದಾರಿ ಹೆಚ್ಚು ಬಳಕೆಯಲ್ಲಿವೆ. ಒಂದರಲ್ಲಿ ಕೋಲುಗಳನ್ನು ಎರಡು ಸಾಲಾಗಿ ಸರಿಸಿ ನಡುವೆ ಓಣಿ ಬಿಡುತ್ತಾರೆ. ನಾಯಿ ನೇರವಾಗಿ ಓಡುತ್ತದೆ. ವಾರ ವಾರಕ್ಕೆ ಓಣಿಯನ್ನು ಕಿರಿದು ಮಾಡಿದಂತೆ ನಾಯಿಯ ಮೈ ತಾನಾಗಿ ಬಳುಕಲು ಶುರುವಾಗುತ್ತದೆ.

ಇನ್ನೊಂದು ಕೆನಡಾದ ಸೂಸನ್ ಗ್ಯಾರೆಟ್ ಬಳಕೆಗೆ ತಂದ ಎರಡೆರಡು ಕೋಲಿನ ಪದ್ಧತಿ. ಎರಡೇ ಕೋಲು ನೆಡುತ್ತೀರಿ. ಏನೂ ಹೇಳುವುದಿಲ್ಲ, ಕೈಯನ್ನೂ ತೋರಿಸುವುದಿಲ್ಲ. ನಾಯಿ ಅವುಗಳ ನಡುವೆ ಹೇಗೋ ಹಾದುಹೋದರೆ ಆಟಿಕೆ ಅದರ ಮುಂದಕ್ಕೆ ಹಾರುತ್ತದೆ. ಹತ್ತು ಹನ್ನೆರಡು ಸಲದಲ್ಲಿ ಈ ಸಂದಿಯಲ್ಲಿ ಏನೋ ಇದೆ ಎಂದು ಅದಕ್ಕೆ ಹೊಳೆಯುತ್ತದೆ. ಆಗ ನೀವು ನಿಲ್ಲುವ ಜಾಗ ಬದಲಿಸುತ್ತೀರಿ: ಎದುರಿನಿಂದ, ಓರೆಯಿಂದ, ಹಿಂದಿನಿಂದ. ಎಲ್ಲಿಂದ ಬಂದರೂ ನಾಯಿ ಸುತ್ತಿಕೊಂಡು ಸರಿಯಾದ ಕಡೆಯಿಂದಲೇ ಹೊಗಬೇಕು. ಅದು ಗಟ್ಟಿಯಾದ ಮೇಲೆ ಇನ್ನೊಂದು ಜೋಡಿ, ಮೊದಮೊದಲು ಓರೆಯಾಗಿ, ಬರುಬರುತ್ತ ನೇರ ಸಾಲಿಗೆ. ಈ ಪದ್ಧತಿಯ ಜಾಣತನ ಇರುವುದು ಮೊದಲ ಎರಡು ಕೋಲುಗಳಲ್ಲೇ. ಸ್ಪರ್ಧೆಯಲ್ಲಿ ಎಡವುವುದು ಹೆಚ್ಚಾಗಿ ಪ್ರವೇಶದಲ್ಲಿ, ಜೋರಾಗಿ ಬಂದ ನಾಯಿ ಎರಡನೇ ಸಂದಿಗೆ ನುಗ್ಗಿಬಿಡುತ್ತದೆ. ಇಲ್ಲಿ ಪ್ರವೇಶವೇ ಮೊದಲ ಪಾಠ.

ಪಿವಿಸಿ ಪೈಪ್ ಮತ್ತು ಕಬ್ಬಿಣದ ಮೊಳೆಗಳಿದ್ದರೆ ಈ ಕೋಲುಗಳನ್ನು ಯಾವ ಹಾರ್ಡ್‌ವೇರ್ ಅಂಗಡಿಯಿಂದಲೂ ಮಾಡಿಕೊಳ್ಳಬಹುದು. ಬೆನ್ನು ಇಷ್ಟು ಬಳುಕುವ ಕೆಲಸ ಆದ್ದರಿಂದ ನೇರ ಸಾಲಿನ ಹನ್ನೆರಡನ್ನು ನಾಯಿಗೆ ವರ್ಷ ತುಂಬಿ ಮೈ ಬಲಿತ ಮೇಲೆಯೇ ಮಾಡಿಸಬೇಕು.

ಮೈಯೇ ಮಾತು

ಇನ್ನು ಅಡೆತಡೆಗಳ ನಡುವಿನ ನೆಲ. ಎರಡರ ನಡುವೆ ಸಾಮಾನ್ಯವಾಗಿ 5ರಿಂದ 7 ಮೀಟರ್ ಇರುತ್ತದೆ. ಒಳ್ಳೆಯ ನಾಯಿ ಸೆಕೆಂಡಿಗೆ 5 ಮೀಟರ್ ಅಥವಾ ಇನ್ನೂ ಹೆಚ್ಚು ಓಡುತ್ತದೆ. ಅಂದರೆ ಒಂದು ಸೂಚನೆ ಕೊಡಲು ನಿಮಗೆ ಸಿಗುವುದು ಒಂದೇ ಸೆಕೆಂಡು, ಅಷ್ಟೂ ನಿಮ್ಮದಲ್ಲ. ನಾಯಿ ಪಟ್ಟಿಯ ಮುಂದೆ ಕಾಲೊತ್ತುವ ಹೊತ್ತಿಗೆ ಆಚೆ ಯಾವ ಕಡೆ ಇಳಿಯಬೇಕೆಂದು ಅದರ ಮೈ ತೀರ್ಮಾನ ಮಾಡಿ ಆಗಿರುತ್ತದೆ. ಬಿಗಿಯಾಗಿ ತಿರುಗಬೇಕೆಂದರೆ ಅದು ಮೊದಲೇ ಹೆಜ್ಜೆ ಚಿಕ್ಕದು ಮಾಡಿ, ಭಾರ ಹಿಂದಕ್ಕೆ ತಂದು, ಮೇಲೆ ಹಾರಬೇಕು. ನೇರ ಹೋಗುವುದಾದರೆ ದೂರದಿಂದಲೇ ಚಾಚಿ ಹಾರಬೇಕು. ಗಾಳಿಯಲ್ಲಿರುವಾಗ "ಬಾ ಬಾ" ಎಂದು ಕೂಗಿದರೆ ಎರಡೇ ಪರಿಣಾಮ: ಚಾಚಿದ ಹಾರಿಕೆಯಲ್ಲೇ ಇಳಿದು ದೊಡ್ಡ ಸುತ್ತು ಹೊಡೆಯುತ್ತದೆ, ಇಲ್ಲವೇ ನಡುವೆಯೇ ಮೈ ತಿರುಚಿ ಪಟ್ಟಿ ಬೀಳಿಸುತ್ತದೆ. ಬೈಗುಳ ಮಾತ್ರ ನಾಯಿಗೆ!

ನಾಯಿ ಓದುವುದು ಮೊದಲು ನಿಮ್ಮ ಚಲನೆಯನ್ನು, ಆಮೇಲೆ ಹೆಗಲು ಮತ್ತು ಪಾದ ಎತ್ತ ಮುಖ ಮಾಡಿವೆ ಎಂಬುದನ್ನು. ಮಾತು ಕೊನೆಗೆ. ನೀವು ಜೋರಾಗಿ ಓಡುತ್ತಿದ್ದರೆ "ಮುಂದೆ ಹೋಗು" ಎಂದು ಅರ್ಥ. ನಿಧಾನ ಮಾಡಿದರೆ "ತಿರುವು ಬರುತ್ತಿದೆ". ಬಲಕ್ಕೆ ಬಾ ಎಂದು ಕೂಗುತ್ತ ಎಡಕ್ಕೆ ಓಡಿದರೆ ನಾಯಿ ಎಡಕ್ಕೇ ಹೋಗುತ್ತದೆ, ಅದು ಸರಿಯೂ ಹೌದು.

ಕೋರ್ಸ್ ಎಡಕ್ಕೆ ತಿರುಗಿ ಬಲಕ್ಕೆ ಹೊರಳುವಾಗ ನೀವೂ ನಾಯಿಯ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬರಬೇಕಾಗುತ್ತದೆ. ಅದಕ್ಕೆ ಮುಖ್ಯವಾಗಿ ಮೂರು ವರಸೆಗಳು. ನಾಯಿಯ ಮುಂದೆ ಇದ್ದು, ಅದರ ಕಡೆ ಮುಖ ತಿರುಗಿಸುತ್ತ ಪಕ್ಕ ಬದಲಿಸಿದರೆ ಅದು ಫ್ರಂಟ್ ಕ್ರಾಸ್. ಕಣ್ಣು ತಪ್ಪುವುದಿಲ್ಲ, ಆದರೆ ಗಿರಕಿ ಹೊಡೆಯಲು ಹೊತ್ತು ಬೇಕು. ಅದರ ಕಡೆ ಬೆನ್ನು ಹಾಕಿ ತಲೆಯನ್ನು ಒಂದು ಭುಜದಿಂದ ಇನ್ನೊಂದು ಭುಜದ ಕಡೆ ತಿರುಗಿಸಿದರೆ ಬ್ಲೈಂಡ್ ಕ್ರಾಸ್. ಓಟ ನಿಲ್ಲುವುದಿಲ್ಲ, ಆದರೆ ಅರೆಕ್ಷಣ ನಾಯಿ ಕಾಣುವುದಿಲ್ಲ. ನಾಯಿಯನ್ನು ಮುಂದೆ ಬಿಟ್ಟು ಅದರ ಹಿಂದಿನಿಂದ ದಾಟಿದರೆ ರಿಯರ್ ಕ್ರಾಸ್. ಮಂಡಿನೋವು ಇರುವವರು, ವಯಸ್ಸಾದವರು ಈ ಮೂರನೆಯದನ್ನೇ ನೆಚ್ಚಿಕೊಂಡು ಚೆನ್ನಾಗಿ ಸ್ಪರ್ಧಿಸುತ್ತಾರೆ. ನಾಯಿ ಅವರಿಗಿಂತ ಮುಂದೆ ಧೈರ್ಯವಾಗಿ ಹೋಗುವಂತೆ ತಯಾರಾಗಿದ್ದರೆ ಸಾಕು.

ಇವನ್ನೆಲ್ಲ ಮೊದಲು ನಾಯಿ ಇಲ್ಲದೆ, ಆಮೇಲೆ ನಾಯಿಯ ಜೊತೆ ಬರಿ ನೆಲದ ಮೇಲೆ, ಆಮೇಲೆ ಒಂದೇ ಪಟ್ಟಿಯನ್ನು ನೆಲಕ್ಕೆ ತಾಗಿಸಿಟ್ಟು ಅಭ್ಯಾಸ ಮಾಡಬೇಕು. ಒಂದು ಪಟ್ಟಿಯಿಂದ ಕಲಿಯಬಹುದಾದದ್ದನ್ನು ಇಪ್ಪತ್ತು ಪಟ್ಟಿಗಳಿಂದ ಕಲಿಯಲು ಹೋಗುವವರ ನಾಯಿಯೂ ಸುಸ್ತು, ಅವರೂ ಸುಸ್ತು.

ಮಾತಿನ ಸೂಚನೆಗಳನ್ನು ಯಾವ ಭಾಷೆಯಲ್ಲಾದರೂ ಕೊಡಬಹುದು. ಆದರೆ ಓಟದ ನಡುವೆ ಕಿವಿಗೆ ಬೇರೆ ಬೇರೆಯಾಗಿ ಕೇಳಬೇಕು. ಕನ್ನಡದಲ್ಲಿ ಆಜ್ಞೆ ಕೊಡುತ್ತೇನೆಂದು "ಹಾರು", "ಹತ್ತು", "ಹೋಗು" ಮೂರನ್ನೂ ಇಟ್ಟುಕೊಂಡರೆ ಮೂರೂ ಒಂದೇ ಉಸಿರಿನಿಂದ ಶುರುವಾಗಿ ಒಂದೇ ಸ್ವರದಲ್ಲಿ ಮುಗಿಯುತ್ತವೆ. ಹತ್ತು ಮೀಟರ್ ದೂರದ ನಾಯಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. "ಜಂಪ್", "ಏರು", "ನಡಿ" ಎಂದು ಕಲಬೆರಕೆ ಮಾಡಿಕೊಂಡರೆ ನಷ್ಟವಿಲ್ಲ.

ಯಾವ ನಾಯಿ, ಯಾವ ಹೊತ್ತು

ಗೆಲ್ಲುವ ಪಟ್ಟಿಯಲ್ಲಿ ಬಾರ್ಡರ್ ಕಾಲಿ, ಶೆಲ್ಟಿಗಳ ಹೆಸರೇ ಹೆಚ್ಚು. ಕುರಿ ಕಾಯುವ ಈ ತಳಿಗಳನ್ನು ತಲೆಮಾರುಗಳಿಂದ ಮನುಷ್ಯನ ಸನ್ನೆ ನೋಡುತ್ತ ಓಡಲೆಂದೇ ಬೆಳೆಸಿದ್ದಾರೆ. ಹಾಗೆಂದು ಬೇರೆಯವಕ್ಕೆ ಬಾಗಿಲು ಮುಚ್ಚಿಲ್ಲ. ಎಫ್‌ಸಿಐ ವಿಶ್ವ ಚಾಂಪಿಯನ್‌ಶಿಪ್‌ಗೆ ವಂಶಾವಳಿ ಪತ್ರ ಬೇಕು, ನಿಜ. ಆದರೆ ಅಮೆರಿಕದ ವೆಸ್ಟ್‌ಮಿನ್‌ಸ್ಟರ್ ಪ್ರದರ್ಶನದ ಅಜಿಲಿಟಿ ಚಾಂಪಿಯನ್‌ಶಿಪ್ ಅನ್ನು 2024ರಲ್ಲಿ ಗೆದ್ದದ್ದು ನಿಂಬಲ್ ಎಂಬ ಪುಟ್ಟ ಮಿಶ್ರತಳಿ ನಾಯಿ, ಬಾರ್ಡರ್ ಕಾಲಿ ಮತ್ತು ಪಾಪಿಲಾನ್ ಬೆರಕೆ. ಆ ಪ್ರಶಸ್ತಿ ಮಿಶ್ರತಳಿಗೆ ಸಿಕ್ಕಿದ್ದು ಅದೇ ಮೊದಲು.

ನಮ್ಮ ಬೀದಿನಾಯಿಗಳು ಹಗುರ ಮೈಯವು, ಚುರುಕು, ಕೀಲುಗಳು ಗಟ್ಟಿ. ಅವುಗಳ ತೊಡಕು ಬೇರೆ: ಸುತ್ತಲಿನ ಪ್ರತಿ ಶಬ್ದ, ಪ್ರತಿ ಅಪರಿಚಿತನ ಮೇಲೂ ಕಣ್ಣು. ಅವುಗಳಿಗೆ ಅಡೆತಡೆಗಿಂತ ಹೊಸ ಜಾಗದ ಅಭ್ಯಾಸವೇ ದೊಡ್ಡ ಪಾಠ. ಬಾಗಲಕೋಟೆಯ ಮುಧೋಳ ನಾಯಿ ಇನ್ನೊಂದು ಬಗೆ. ಅದು ಕಣ್ಣಿಂದ ಬೇಟೆ ಹಿಡಿಯುವ ಜಾತಿ, ಓಡುವುದು ನೇರಕ್ಕೆ, ಮನುಷ್ಯನ ಕಡೆ ತಿರುಗಿ "ಈಗೆತ್ತ?" ಎಂದು ಕೇಳುವ ಸ್ವಭಾವ ಅದಕ್ಕಿಲ್ಲ. ತಿಂಡಿಗೆ ಅಷ್ಟಾಗಿ ಬಗ್ಗದ ಅಂಥ ನಾಯಿಗೆ ಕೋಲಿಗೆ ಹಗ್ಗ ಕಟ್ಟಿ ತುದಿಯಲ್ಲಿ ಬಟ್ಟೆ ಕಟ್ಟಿ ಓಡಿಸುವ ಆಟ ಬಹುಮಾನವಾಗುತ್ತದೆ. ತಿರುವುಗಳನ್ನು ಅದರ ಹಿಂದೆ ಓಡುತ್ತಲೇ ಕಲಿಯುತ್ತದೆ. ಮೊದಲು ಬೇಲಿ ಇರುವ ಜಾಗ ಹುಡುಕಿಕೊಳ್ಳಿ, ಮೊಲ ಕಂಡರೆ ಅದು ಊರಾಚೆ ಇರುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳನ್ನು ಮಾತ್ರ ಈ ಓಟಕ್ಕೆ ಇಳಿಸಬೇಡಿ, ಉಸಿರಾಟಕ್ಕೇ ಕಷ್ಟಪಡುತ್ತವೆ.

ನಾಯಿ ಮೈಯನ್ನು ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಯುರೋಪಿನ ವಿಡಿಯೊಗಳಲ್ಲಿ ಮಧ್ಯಾಹ್ನ ಅಭ್ಯಾಸ ಮಾಡುವುದನ್ನು ನೋಡಿ ಏಪ್ರಿಲ್‌ನಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಹಾಗೆ ಮಾಡಿದರೆ ನಾಯಿ ಕುಸಿದುಬೀಳುತ್ತದೆ. ಬೆಂಗಳೂರಿನಲ್ಲೂ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಬೇಕು. ಅಂಗೈಯ ಹಿಂಭಾಗವನ್ನು ನೆಲಕ್ಕಿಟ್ಟು ಐದಾರು ಸೆಕೆಂಡು ತಡೆಯಲಾಗದಿದ್ದರೆ ಅಲ್ಲಿ ಓಡಿಸಬೇಡಿ. ಸಿಮೆಂಟ್, ಟೈಲ್ಸ್ ಮೇಲೆ ಹಾರಿಸುವುದು ಯಾವ ಹೊತ್ತಿನಲ್ಲೂ ಬೇಡ. ಹುಲ್ಲು ಇರಬೇಕು, ಇಲ್ಲವೇ ಮೆದು ಮಣ್ಣು. ಓಟಕ್ಕೆ ಮೊದಲು ಐದು ಹತ್ತು ನಿಮಿಷ ನಡೆಸಿ, ಬಳುಕಿಸಿ, ಮೈ ಬಿಸಿ ಮಾಡಬೇಕು. ಈ ಆಟದಲ್ಲಿ ಹೆಚ್ಚಾಗಿ ಪೆಟ್ಟಾಗುವುದು ಭುಜಕ್ಕೆ. ತೂಕ ಮುಖ್ಯ: ಪಕ್ಕೆಲುಬಿನ ಮೇಲೆ ಮೆಲ್ಲಗೆ ಬೆರಳಾಡಿಸಿದರೆ ಎಲುಬು ಸಿಗಬೇಕು. ಸಿಗದಿದ್ದರೆ ಹಾರಿಸುವ ಮೊದಲು ತಟ್ಟೆ ಚಿಕ್ಕದು ಮಾಡಿ.

ಮೊದಲ ಸ್ಪರ್ಧೆಗೆ ಹೋಗುವ ಮುಂಚೆ ಇನ್ನೊಂದು ಕೆಲಸ ಬಾಕಿ ಇರುತ್ತದೆ, ಕೈ ಖಾಲಿ ಮಾಡುವುದು. ಅಭ್ಯಾಸದಲ್ಲಿ ಹೆಜ್ಜೆ ಹೆಜ್ಜೆಗೂ ತಿಂಡಿ ಸಿಕ್ಕ ನಾಯಿ ರಿಂಗಿನಲ್ಲಿ ನಾಲ್ಕನೇ ಪಟ್ಟಿಯ ಹೊತ್ತಿಗೆ "ಎಲ್ಲಿ?" ಎಂದು ನಿಲ್ಲುತ್ತದೆ. ಅದಕ್ಕಾಗಿ ಕೊನೆಯ ತಿಂಗಳುಗಳಲ್ಲಿ ಡಬ್ಬಿಯನ್ನು ಮೈದಾನದ ಹೊರಗೆ ನಾಯಿಗೆ ಕಾಣುವಂತೆ ಇಟ್ಟು, ಮೊದಲು ಎರಡು ಅಡೆತಡೆ ಮುಗಿಸಿ ಡಬ್ಬಿಗೆ ಓಡುವುದು, ಆಮೇಲೆ ಐದು, ಆಮೇಲೆ ಹತ್ತು ಹೀಗೆ ದೂರ ಹೆಚ್ಚಿಸಬೇಕು. ನಡುನಡುವೆ ಎರಡಕ್ಕೇ ಬಿಟ್ಟು ಖುಷಿಪಡಿಸಬೇಕು, ಲೆಕ್ಕ ಹಿಡಿಯಲು ಬಿಡಬಾರದು. ಮೊದಲ ಸಲ ರಿಂಗಿಗೆ ಇಳಿದಾಗ ಫಲಿತಾಂಶದ ಪಟ್ಟಿ ನೋಡಲು ಓಡಬೇಡಿ, ಮೊದಲು ಆ ಡಬ್ಬಿಯ ಹತ್ತಿರ ಹೋಗಿ. ನಾಯಿ ಕ್ರಮ ತಪ್ಪಿ ಹೊರಬಿದ್ದಿದ್ದರೂ ಅದಕ್ಕೆ ಸಿಗಬೇಕಾದ್ದು ಸಿಗಬೇಕು. ನೀವು ತೋರಿಸಿದ ಕಡೆಗೇ ತಾನೆ ಅದು ಓಡಿದ್ದು.